ಮೊರೇನಾ ಅಪಘಾತದ ಬಗ್ಗೆ ಒಂದು ಪ್ರಶ್ನೆ ಕೇಳಿ: ಬೆಳಗಾವಿ ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಜಗದೀಶ ಶೆಟ್ಟರ್ ಅವರಿಗೆ ನಮಸ್ಕಾರಗಳು.

ರಸ್ತೆ, ರೈಲು, ಕುಡಿಯುವ ನೀರು ಅಂತ ದಿನಾ ನಿಮಗೆ ಅರ್ಜಿಗಳು ಬರುತ್ತಿರುತ್ತವೆ. ನಾನು ಕೇಳುತ್ತಿರುವುದಕ್ಕೆ ಅನುದಾನ ಬೇಕಿಲ್ಲ. ಮೊರೇನಾ ವಿಮಾನ ಅಪಘಾತದ ತನಿಖೆಯಲ್ಲಿ ಏನು ಗೊತ್ತಾಯಿತು ಎಂದು ಲೋಕಸಭೆಯಲ್ಲಿ ನೀವು ಒಂದು ಪ್ರಶ್ನೆ ಕೇಳಿದರೆ ಸಾಕು.

2023ರ ಜನವರಿ 28ರ ಬೆಳಗ್ಗೆ ಗ್ವಾಲಿಯರ್ ವಾಯುನೆಲೆಯಿಂದ ತರಬೇತಿಗೆ ಹಾರಿದ ಎರಡು ಯುದ್ಧವಿಮಾನಗಳು, ಒಂದು ಸುಖೋಯ್-30 ಮತ್ತು ಒಂದು ಮಿರಾಜ್-2000, ವಾಪಸ್ ಬರಲಿಲ್ಲ. ಸುಖೋಯ್‌ನಲ್ಲಿದ್ದ ಇಬ್ಬರು ಪೈಲಟ್‌ಗಳು ಸೀಟಿನ ಸಮೇತ ಹೊರಕ್ಕೆ ಚಿಮ್ಮಿ (ಎಜೆಕ್ಟ್ ಆಗಿ) ಬದುಕಿಕೊಂಡರು. ಮಿರಾಜ್‌ನಲ್ಲಿ ಇದ್ದದ್ದು ಒಬ್ಬರೇ, ನಮ್ಮ ಬೆಳಗಾವಿಯ ವಿಂಗ್ ಕಮಾಂಡರ್ ಹನುಮಂತರಾವ್ ಸಾರಥಿ. ಅವರು ಉಳಿಯಲಿಲ್ಲ. ಅವಶೇಷಗಳು ಮಧ್ಯಪ್ರದೇಶದ ಮೊರೇನಾ ಜಿಲ್ಲೆಯಲ್ಲೂ ಬಿದ್ದವು, ಗಡಿ ದಾಟಿ ರಾಜಸ್ಥಾನದ ಭರತ್‌ಪುರದಲ್ಲೂ ಬಿದ್ದವು. ಭರತ್‌ಪುರದಲ್ಲಿ ಬಿದ್ದದ್ದು ಬೇರೆಯೇ ವಿಮಾನ ಎಂದು ಮೊದಲು ಸುದ್ದಿ ಹರಡಿತ್ತು. ಎರಡೂ ಆಕಾಶದಲ್ಲೇ ಡಿಕ್ಕಿಯಾಗಿರಬೇಕು ಎಂದು ಅಂದೇ ವರದಿಯಾಯಿತು. ವಾಯುಪಡೆ ತನ್ನ ಆಂತರಿಕ ತನಿಖೆಗೆ, ಅಂದರೆ ಕೋರ್ಟ್ ಆಫ್ ಎನ್‌ಕ್ವೈರಿಗೆ, ಆದೇಶಿಸಿತು.

ಊರಿಗೆ ಪಾರ್ಥಿವ ಶರೀರ ಬಂತು. ಸಕಲ ಗೌರವಗಳೂ ಸಂದವು, ಗಣ್ಯರೂ ಬಂದರು. ತನಿಖೆಯಲ್ಲಿ ಏನು ಗೊತ್ತಾಯಿತು ಎಂಬುದು ಮಾತ್ರ ಊರಿಗೆ ಬರಲಿಲ್ಲ.

ರಕ್ಷಣೆಯ ವಿಷಯ, ಗುಟ್ಟು ಇರಬೇಕಲ್ವಾ ಅಂತ ನೀವು ಕೇಳಬಹುದು. ಇರಲೇಬೇಕು. ರೇಡಾರ್ ಎಷ್ಟು ದೂರ ನೋಡುತ್ತದೆ, ಯಾವ ಕ್ಷಿಪಣಿ ಹೇಗೆ ಹಾರುತ್ತದೆ ಎಂಬುದು ನಮಗೆ ಬೇಡವೇ ಬೇಡ. ಆದರೆ ಗುಟ್ಟು ಉಳಿಸಿಕೊಂಡೂ ಸತ್ಯ ಹೇಳಲು ಬರುತ್ತದೆ. ಜರ್ಮನಿಯವರು ಹೇಳಿದ್ದಾರೆ.

2014ರ ಜೂನ್ 23ರಂದು ಅಲ್ಲಿನ ಓಲ್ಸ್‌ಬರ್ಗ್ ಹತ್ತಿರ ವಾಯುಪಡೆಯ ಒಂದು ತಾಲೀಮು ನಡೆದಿತ್ತು. ಅನುಮಾನಾಸ್ಪದ ನಾಗರಿಕ ವಿಮಾನವೊಂದು ಬಂದರೆ ಅದನ್ನು ಆಕಾಶದಲ್ಲೇ ಅಡ್ಡಗಟ್ಟುವುದು ಹೇಗೆ ಎಂಬ ಅಭ್ಯಾಸ. ಖಾಸಗಿ ಕಂಪನಿಯೊಂದರ ಲಿಯರ್‌ಜೆಟ್ ಎಂಬ ಸಣ್ಣ ಜೆಟ್ ವಿಮಾನ ಆ ಅನುಮಾನದ ವಿಮಾನದ ಪಾತ್ರ ಮಾಡುತ್ತಿತ್ತು. ಎರಡು ಯೂರೋಫೈಟರ್ ಯುದ್ಧವಿಮಾನಗಳು ಅದನ್ನು ಹಿಡಿಯಲು ಬಂದವು. ಇಂಥ ಕಾರ್ಯಾಚರಣೆಗೆ ಅಂತರರಾಷ್ಟ್ರೀಯ ಪದ್ಧತಿಯೇ ಇದೆ. ಅಡ್ಡಗಟ್ಟುವ ವಿಮಾನ ಸಾಮಾನ್ಯವಾಗಿ ಎಡಗಡೆ, ಸ್ವಲ್ಪ ಮುಂದೆ ಬಂದು ರೆಕ್ಕೆ ಅಲ್ಲಾಡಿಸುತ್ತದೆ. ‘ನನ್ನ ಹಿಂದೆ ಬಾ’ ಅಂತ ಅದರ ಅರ್ಥ. ಆಮೇಲೆ ನಿಧಾನವಾಗಿ ಎಡಕ್ಕೆ ತಿರುಗುತ್ತದೆ, ಇನ್ನೊಂದು ಹಿಂಬಾಲಿಸಬೇಕು. ಓದಲು ಸುಲಭ. ಆದರೆ ಜೆಟ್ ವೇಗದಲ್ಲಿ, ಅಷ್ಟು ಹತ್ತಿರದಲ್ಲಿ, ರೆಕ್ಕೆ ಓರೆ ಮಾಡಿ ತಿರುಗುವಾಗ ಪಕ್ಕದ ವಿಮಾನ ನಮ್ಮದೇ ವಿಮಾನದ ಮೈಯ ಮರೆಗೆ ಹೋಗಿಬಿಡುತ್ತದೆ. ಓಲ್ಸ್‌ಬರ್ಗ್‌ನಲ್ಲಿ ಆದದ್ದು ಇದೇ. ಯೂರೋಫೈಟರ್ ಕಣ್ಣಿಗೆ ಕಾಣದೇ ಹೋದರೂ ಲಿಯರ್‌ಜೆಟ್ ತಿರುಗುವುದನ್ನು ಮುಂದುವರಿಸಿತು. ಡಿಕ್ಕಿಯಾಯಿತು. ಲಿಯರ್‌ಜೆಟ್‌ನಲ್ಲಿದ್ದ ಇಬ್ಬರೂ ಸತ್ತರು. ಯೂರೋಫೈಟರ್ ಏಟು ತಿಂದೂ ತನ್ನ ನೆಲೆಗೆ ಹೋಗಿ ಇಳಿಯಿತು.

ಇಷ್ಟೆಲ್ಲ ನನಗೆ ಹೇಗೆ ಗೊತ್ತು? ಅಲ್ಲಿನ ವಿಮಾನ ಅಪಘಾತ ತನಿಖಾ ಸಂಸ್ಥೆ ಬಿಎಫ್‌ಯು ವರದಿ ಪ್ರಕಟಿಸಿದೆ. ಬೆಳಗಾವಿಯಲ್ಲಿ ಕೂತು ಯಾರು ಬೇಕಾದರೂ ಓದಬಹುದು. ಪೈಲಟ್‌ಗಳ ತಪ್ಪು ಅಂತ ಹೇಳಿ ಅದು ಕೈತೊಳೆದುಕೊಂಡಿಲ್ಲ. ಅಷ್ಟು ಹತ್ತಿರ ಹಾರುವಾಗ ಎದುರಿನವರು ಅನಿರೀಕ್ಷಿತವಾಗಿ ತಿರುಗಿದರೆ ಏನು ಗತಿ ಎಂಬುದನ್ನು ಮೊದಲೇ ಸಾಕಷ್ಟು ಯೋಚಿಸಿರಲಿಲ್ಲ ಎಂದೂ ಬರೆದಿದೆ. ಇದನ್ನು ಪ್ರಕಟಿಸಿದ್ದರಿಂದ ಜರ್ಮನಿಯ ಯಾವ ಗುಟ್ಟು ಶತ್ರುವಿನ ಪಾಲಾಯಿತು, ಹೇಳಿ? ಬ್ರಿಟನ್ನಿನವರೂ ಅಷ್ಟೆ. 2012ರಲ್ಲಿ ಸ್ಕಾಟ್ಲೆಂಡಿನ ಕಡಲ ಮೇಲೆ ಅವರ ಎರಡು ಟೊರ್ನಾಡೊ ಯುದ್ಧವಿಮಾನಗಳು ಡಿಕ್ಕಿಯಾಗಿ ಮೂವರು ಸತ್ತರು. ಆ ವಿಮಾನಗಳಲ್ಲಿ ಡಿಕ್ಕಿಯ ಮುನ್ನೆಚ್ಚರಿಕೆ ಕೊಡುವ ಸಾಧನ ಇರಲಿಲ್ಲ ಎಂಬುದನ್ನು ಅವರದೇ ವರದಿ ಎತ್ತಿ ಹೇಳಿತು.

ದೂರದ ಮಾತು ಬಿಡಿ. 1996ರಲ್ಲಿ ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ನಾಗರಿಕ ವಿಮಾನಗಳು ಡಿಕ್ಕಿಯಾಗಿ 349 ಜನ ಸತ್ತಾಗ ಲಹೋಟಿ ಆಯೋಗ ತನಿಖೆ ಮಾಡಿತು. ಕಜಕಿಸ್ತಾನದ ವಿಮಾನ ಹೇಳಿದ ಎತ್ತರಕ್ಕಿಂತ ಕೆಳಗೆ ಇಳಿದಿತ್ತು ಎಂಬುದು ಎಲ್ಲರಿಗೂ ಗೊತ್ತಾಯಿತು. ಡಿಕ್ಕಿ ತಪ್ಪಿಸುವ ಸಾಧನ ನಮ್ಮ ದೇಶದಲ್ಲಿ ಹಾರುವ ಪ್ರಯಾಣಿಕ ವಿಮಾನಗಳಿಗೆ ಕಡ್ಡಾಯವಾಯಿತು. ನಮ್ಮ ಸಾಂಬ್ರಾ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ನೀವು ಹತ್ತುವ ವಿಮಾನದಲ್ಲೂ ಅದು ಇರುತ್ತದೆ. ಖಾಕಿ, ನೀಲಿ ಸಮವಸ್ತ್ರದವರ ಜೀವಕ್ಕೆ ಮಾತ್ರ ಬೇರೆ ಲೆಕ್ಕ ಯಾಕೆ?

ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯ ವರದಿಯೊಂದು 2024ರ ಡಿಸೆಂಬರ್‌ನಲ್ಲಿ ಬಂದಿತ್ತು. 2017ರಿಂದ 2022ರವರೆಗೆ ವಾಯುಪಡೆಯಲ್ಲಿ 34 ಅಪಘಾತ ಎಂದು ಅದರಲ್ಲಿ ಲೆಕ್ಕ ಇದೆ. ಜನರಲ್ ಬಿಪಿನ್ ರಾವತ್ ಅವರಿದ್ದ ಹೆಲಿಕಾಪ್ಟರ್ ಅಪಘಾತಕ್ಕೆ ಕಾರಣದ ಕಾಲಮಿನಲ್ಲಿ ‘ಮಾನವ ದೋಷ’ ಎಂದಿದೆ. ಅಷ್ಟಕ್ಕೇ ಬಿಟ್ಟರೆ ತಿಪ್ಪೆ ಸಾರಿಸಿದ ಹಾಗೆ. ಯಾವ ದೋಷ, ತರಬೇತಿಯದೋ, ಯೋಜನೆಯದೋ, ಆಯಾಸದ್ದೋ? ಅದು ಗೊತ್ತಾಗದೆ ಏನನ್ನು ಸರಿ ಮಾಡುತ್ತೀರಿ? ಇನ್ನು ನಮ್ಮ ಮೊರೇನಾ ಅಪಘಾತ ಆದದ್ದು 2023ರಲ್ಲಿ. ಆ 34ರಲ್ಲೂ ಅದು ಬರುವುದಿಲ್ಲ.

ಸುಮ್ನೆ ಯಾರನ್ನೋ ಕಟಕಟೆಗೆ ತರುವುದು ನನ್ನ ಉದ್ದೇಶವಲ್ಲ. ಪೈಲಟ್‌ಗಳ ಹೆಸರೂ ಬೇಡ, ಶಿಕ್ಷೆಯ ವಿವರವೂ ಬೇಡ. ಕಾರಣ ಏನು, ತನಿಖಾ ತಂಡ ಏನನ್ನು ಬದಲಿಸಿ ಎಂದಿತು, ಅದರಲ್ಲಿ ಎಷ್ಟು ಬದಲಾಗಿದೆ ಎಂಬುದು ನಾಲ್ಕು ಪುಟದಲ್ಲಿ ಬಂದರೆ ಸಾಕು. ಮುಂದಿನ ಅಪಘಾತಗಳಿಗೂ ಇದೇ ನಿಯಮವಾಗಲಿ. ಅಗ್ನಿವೀರರಾಗಲು ಸಾಂಬ್ರಾದ ವಾಯುಪಡೆ ತರಬೇತಿ ಶಾಲೆಗೆ ಬರುವ ಮಕ್ಕಳ ಅಪ್ಪ ಅಮ್ಮಂದಿರಿಗೆ ಇಷ್ಟು ಕೇಳುವ ಹಕ್ಕಿದೆ.

ನೀವು ವಕೀಲರು, ವಿಧಾನಸಭೆಯ ಸ್ಪೀಕರ್ ಆಗಿದ್ದವರು. ಚುಕ್ಕೆ ಗುರುತಿನ ಪ್ರಶ್ನೆಗೂ ಚುಕ್ಕೆ ಇಲ್ಲದ್ದಕ್ಕೂ ಇರುವ ವ್ಯತ್ಯಾಸವನ್ನು ನಾನು ನಿಮಗೆ ಹೇಳಿಕೊಡಬೇಕಿಲ್ಲ. ಚುಕ್ಕೆ ಗುರುತಿನದ್ದೇ ಹಾಕಿ. ಸಚಿವರು ಎದ್ದು ನಿಂತು ಉತ್ತರಿಸಬೇಕಾಗುತ್ತದೆ, ಉಪಪ್ರಶ್ನೆಗೂ ಅವಕಾಶ ಸಿಗುತ್ತದೆ. ಲಾಟರಿಯಲ್ಲಿ ನಿಮ್ಮ ಹೆಸರು ಬರದಿದ್ದರೆ ಲಿಖಿತ ಉತ್ತರವಾದರೂ ಬರಲಿ. ನೋಟಿಸನ್ನು 15 ದಿನ ಮೊದಲೇ ಕೊಡಬೇಕು, ಆದ್ದರಿಂದ ಅಧಿವೇಶನದ ದಿನಾಂಕ ಪ್ರಕಟವಾದ ಕೂಡಲೇ ಕಳಿಸಿಬಿಡಿ. ‘ದೇಶದ ಭದ್ರತೆಯ ದೃಷ್ಟಿಯಿಂದ ಹೇಳಲಾಗದು’ ಎಂಬ ಉತ್ತರ ಬಂದರೆ ಓಲ್ಸ್‌ಬರ್ಗ್ ವರದಿಯನ್ನು ಕೈಯಲ್ಲಿ ಹಿಡಿದು ಉಪಪ್ರಶ್ನೆ ಕೇಳಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ