ಅಡಿಕೆಗೆ ಎಲೆಯ ಹೆಸರೇಕೆ?

ಸಂಪಾದಕರೇ,

ಮೊನ್ನೆ ನಿಮ್ಮ ಮಕ್ಕಳ ಪುಟದಲ್ಲಿ ಅಡಿಕೆಗೆ ಇಂಗ್ಲಿಷಿನಲ್ಲಿ 'ಬೀಟಲ್ ನಟ್' ಎಂದು ಬಂದಿತ್ತು. ನಿಘಂಟಿನಲ್ಲೂ ಹಾಗೇ ಇದೆ, ಒಪ್ಪಿದೆ. ಆದರೆ ಅಡಿಕೆ ಬೆಳೆಯುವ ಚನ್ನಗಿರಿ, ಭೀಮಸಮುದ್ರದ ಜನ ಓದುವ ಪತ್ರಿಕೆಗೆ ಇದು ಬೇಕಿತ್ತಾ?

ಬೀಟಲ್ ಅಂದರೆ ವೀಳ್ಯದೆಲೆ. ಮಲಯಾಳಂನ 'ವೆಟ್ಟಿಲ' ಪೋರ್ಚುಗೀಸರ ಬಾಯಿಗೆ ಸಿಕ್ಕಿ ಹೀಗಾಯಿತು, ಅದರ ಕೊನೆಯಲ್ಲಿರುವ 'ಇಲ' ನಮ್ಮ ಎಲೆಯೇ. ಎಲೆ ಜೊತೆ ಜಗಿಯುವುದನ್ನು ನೋಡಿದ ಪರದೇಶದವರು ಕಾಯಿಗೂ ಎಲೆಯ ಹೆಸರನ್ನೇ ಅಂಟಿಸಿಬಿಟ್ಟರು. ತೋಟ ನೋಡದ ಮಕ್ಕಳು ಅಡಿಕೆ ವೀಳ್ಯದ ಬಳ್ಳಿಯಲ್ಲೇ ಬಿಡುತ್ತದೆ ಅಂದುಕೊಂಡರೆ ಅವರ ತಪ್ಪಲ್ಲ. ಅದರಲ್ಲೂ ಕನ್ನಡದಲ್ಲಿ ಬರೆದರೆ ದುಂಬಿಯೂ ಬೀಟಲ್, ಎಲೆಯೂ ಬೀಟಲ್!

ಅಡಿಕೆಗೆ ಇಂಗ್ಲಿಷಿನಲ್ಲಿ ಸ್ವಂತ ಹೆಸರಿದೆ, ಅರೆಕಾ. ಅದೂ ನಮ್ಮ ಕಡೆಯದೇ. ಮಲಯಾಳಂನ 'ಅಡಕ್ಕ' ಅದೇ ಪೋರ್ಚುಗೀಸರ ಮೂಲಕ ಅರೆಕಾ ಆಗಿ ಇಂಗ್ಲಿಷಿಗೆ ಹೋಯಿತು. ಅಡಕ್ಕ, ಅಡಿಕೆ ಒಂದೇ ಮನೆಯವು, ಕೇಳಿದರೇ ಗೊತ್ತಾಗುತ್ತದೆ ಅಲ್ವಾ? 1753ರಲ್ಲಿ ಸಸ್ಯವಿಜ್ಞಾನಿ ಲಿನಿಯಸ್ ಈ ಮರಕ್ಕೆ 'ಅರೆಕಾ ಕ್ಯಾಟೆಚು' ಎಂದು ವೈಜ್ಞಾನಿಕ ಹೆಸರಿಟ್ಟ. ಕ್ಯಾಟೆಚು ಅಂದರೆ ಕಾಚು. ಕಾಚು ತೆಗೆಯುವುದು ಕಗ್ಗಲಿ ಮರದ ತಿರುಳು ಬೇಯಿಸಿ, ಆದರೂ ತಾಂಬೂಲದ ತಟ್ಟೆಯಲ್ಲಿದ್ದದ್ದನ್ನೆಲ್ಲ ಅಡಿಕೆಗೇ ಕಟ್ಟಿದ್ದಾರೆ ನೋಡಿ. ನನಗೆ ಇದಕ್ಕಿಂತ ಖುಷಿ ಕೊಟ್ಟಿದ್ದು ಇನ್ನೊಂದು. ತೆಂಗು, ಖರ್ಜೂರ, ಈಚಲು, ಬಗನಿ ಎಲ್ಲಾ ಸೇರಿ ಸುಮಾರು 2,500 ಜಾತಿಗಳಿರುವ ಇಡೀ ತಾಳೆ ಕುಟುಂಬಕ್ಕೆ ಸಸ್ಯಶಾಸ್ತ್ರದವರು ಕರೆಯುವುದು ಅರೆಕೇಸಿ ಎಂದು. ಇಡೀ ಕುಟುಂಬಕ್ಕೆ ಅಡಿಕೆಯೇ ಯಜಮಾನ!

ಅರೆಕಾನಟ್ ಅಂದರೆ ಯಾರಿಗೂ ಅರ್ಥವಾಗುವುದಿಲ್ಲ ಅನ್ನುವ ಹಾಗೂ ಇಲ್ಲ. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದ ಪೂರ್ತಿ ಹೆಸರಿನಲ್ಲೇ ಆ ಪದ ಇದೆ.

ಇದು ಸುಮ್ನೆ ಹೆಸರಿನ ಜಗಳ ಅಲ್ಲ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದ್ದು ಅಡಿಕೆಯನ್ನು, ಮತ್ತೆ ಅಡಿಕೆ ಹಾಕಿದ ಬೀಡವನ್ನು. ಬರೀ ವೀಳ್ಯದೆಲೆಯನ್ನಲ್ಲ. ಅಡಿಕೆ ಬೆಳೆಯುವ ನಮಗೆ ಇದು ಕಹಿ ಸುದ್ದಿಯೇ, ಮುಚ್ಚಿಟ್ಟು ಪ್ರಯೋಜನ ಇಲ್ಲ. ಆದರೆ ಅಂಥ ಸುದ್ದಿಯನ್ನು ಬೀಟಲ್, ಬೀಟಲ್ ಎಂದು ಬರೆದಾಗ ಎಲೆಬಳ್ಳಿ ಹಾಕಿದವರಿಗೂ ಕಾರಣವಿಲ್ಲದೆ ಏಟು ಬೀಳುತ್ತದೆ.

ಮುಂದಿನ ಮಕ್ಕಳ ಪುಟದಲ್ಲಿ ಒಂದು ತಿದ್ದುಪಡಿ ಹಾಕಿ, ಎರಡು ಸಾಲು ಸಾಕು.

– ಒಬ್ಬ ಅಡಿಕೆ ಬೆಳೆಗಾರ, ಚನ್ನಗಿರಿ ತಾಲ್ಲೂಕು, ದಾವಣಗೆರೆ ಜಿಲ್ಲೆ