ಅಕ್ಕಿ ಚೀಲದ ವಿವರಣೆ ಬರೆಯುವ ಕ್ರಮ ಬದಲಾಗುತ್ತಿದೆ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಹೊಸ ದಾಸ್ತಾನಿನಿಂದ ನಮ್ಮ ನಾಟಿ ಅಕ್ಕಿಯ ಚೀಟಿ ಮತ್ತು ವೆಬ್‌ಸೈಟಿನ ತಳಿ ವಿವರಣೆಯನ್ನು ಕಂಪ್ಯೂಟರ್ ಸಿದ್ಧಪಡಿಸುತ್ತದೆ. ಹೀಗೆಂದ ಕೂಡಲೇ ಚಾಟ್‌ಜಿಪಿಟಿ ನೆನಪಾಗುವುದು ಸಹಜ. ಇದು ಅದಲ್ಲ.

ಪ್ರತಿ ತಳಿಯ ಬಗ್ಗೆ ನಮಗೆ ಗೊತ್ತಿರುವುದನ್ನು ಪುಟ್ಟ ಹೇಳಿಕೆಗಳಾಗಿ ಒಡೆದು ಇಟ್ಟಿದ್ದೇವೆ. ಕಗ್ಗ ಭತ್ತದ ತಳಿ. ಕಗ್ಗ ಬೆಳೆಯುವುದು ಗಜನಿಯಲ್ಲಿ, ಅಂದರೆ ಕರಾವಳಿಯ ತಗ್ಗು ಗದ್ದೆಯಲ್ಲಿ. ಗಜನಿಗೆ ಉಪ್ಪುನೀರು ನುಗ್ಗುತ್ತದೆ. ಅಂಥ ಗದ್ದೆಯಲ್ಲಿ ಬೆಳೆಯುವ ತಳಿ ಉಪ್ಪು ತಾಳುತ್ತದೆ ಎಂಬ ನಿಯಮವನ್ನೂ ಸೇರಿಸಿದರೆ, ಕಗ್ಗ ಉಪ್ಪು ತಾಳುತ್ತದೆ ಎಂದು ಯಂತ್ರವೇ ತರ್ಕಿಸಿಕೊಳ್ಳುತ್ತದೆ. ಇಂಥ ದಾಖಲೆಗೆ ಆಂಟಾಲಜಿ ಎನ್ನುತ್ತಾರೆ. ಅದನ್ನು ಬರೆಯುವ ಔಲ್ ಭಾಷೆ 2004ರಿಂದ ವೆಬ್‌ನ ಅಧಿಕೃತ ಮಾನಕ. ಔಲ್ ದಾಖಲೆಯಿಂದ ಗ್ರೀಕ್ ಮತ್ತು ಇಂಗ್ಲಿಷ್ ವಿವರಣೆ ಹೊರಡಿಸುವ ನ್ಯಾಚುರಲ್‌ಔಲ್ ಎಂಬ ತಂತ್ರಾಂಶವನ್ನು ಅಥೆನ್ಸ್‌ನ ಸಂಶೋಧಕರು ಮೊದಲೇ ಮಾಡಿದ್ದಾರೆ. ದಾಖಲೆಯ ಆಧಾರವಿಲ್ಲದ ಮಾತು ಚೀಟಿಗೆ ಬರುವುದಿಲ್ಲ. ಈ ದಾರಿ ಹಿಡಿದದ್ದೇ ಅದಕ್ಕಾಗಿ.

ಕನ್ನಡ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ಊರಿನ ಹೆಸರಿಗೆ ‘ದಲ್ಲಿ’ ಅಂಟಿಸಿದರೆ ಹಾಸನದಲ್ಲಿ ಸರಿ, ‘ಶಿರಸಿದಲ್ಲಿ’ ಎಂದರೆ ಮಕ್ಕಳೂ ನಗುತ್ತಾರೆ. ಕೊನೆಯ ಸ್ವರ ನೋಡಿ ತೀರ್ಮಾನಿಸೋಣವೆಂದರೆ ಅದೂ ಸಾಲದು: ಮೈಸೂರು ‘ಮೈಸೂರಿನ’ ಆಗುತ್ತದೆ, ಹಸು ‘ಹಸುವಿನ’ ಆಗುತ್ತದೆ, ಎರಡೂ ಉಕಾರಾಂತವೇ. ಹಾಗಾಗಿ ಪ್ರತಿ ಪದದ ಜೊತೆಗೆ ಅದು ಯಾವ ಗುಂಪಿನದು ಎಂದು ನಮ್ಮವರೇ ಗುರುತು ಹಾಕಿದ್ದಾರೆ. ವಾಕ್ಯಗಳು ಇನ್ನೂ ಸ್ವಲ್ಪ ಬಿಗಿಯಾಗಿಯೇ ಇವೆ, ಶಾಲೆಯ ಪಠ್ಯ ಓದಿದಂತೆ. ತಪ್ಪು ವಿಭಕ್ತಿಗಿಂತ ಅದು ವಾಸಿ ಎನ್ನುವುದು ನಮ್ಮ ಲೆಕ್ಕ.

ಒಂದನ್ನು ದಯವಿಟ್ಟು ಗಮನಿಸಿ. ಔಲ್‌ನ ತರ್ಕದಲ್ಲಿ, ದಾಖಲಾಗದ ಸಂಗತಿ ಸುಳ್ಳು ಎಂದಾಗುವುದಿಲ್ಲ, ಗೊತ್ತಿಲ್ಲ ಎಂದಷ್ಟೇ. ರಾಜಮುಡಿ ತಳಿಯ ಅಕ್ಕಿ ಚೀಟಿಯಲ್ಲಿ ಸಾವಯವ ಪ್ರಮಾಣಪತ್ರದ ಮಾತೇ ಇಲ್ಲದಿದ್ದರೆ, ಆ ಗದ್ದೆಗೆ ರಾಸಾಯನಿಕ ಗೊಬ್ಬರ ಹಾಕಿದ್ದಾರೆಂದು ತಿಳಿಯಬೇಡಿ. ಸಾವಯವವೇ ಇರಬೇಕೆಂದೂ ನಂಬಬೇಡಿ. ನಮ್ಮನ್ನು ಕೇಳಿ. ಹಾಕಿರುವುದು ಖಚಿತವಾಗಿದ್ದರೆ ಹಾಗೆಂದೇ ಅಚ್ಚಾಗುತ್ತದೆ.

ರುಚಿ, ಪರಿಮಳ, ಎಷ್ಟು ನೀರಿಡಬೇಕು, ಗಂಜಿಗೆ ಒಗ್ಗುತ್ತದೆಯೇ ಎಂಬುದನ್ನೆಲ್ಲ ಮೊದಲಿನಂತೆ ಸಂಘದ ಮಹಿಳಾ ಸದಸ್ಯರೇ ಬರೆಯುತ್ತಾರೆ. ಆ ಭಾಗದ ಕೆಳಗೆ ಬರೆದವರ ಹೆಸರಿರುತ್ತದೆ.

ಬೆಲೆಯಲ್ಲಿ ವ್ಯತ್ಯಾಸವಿಲ್ಲ. ಹಳೆಯ ಚೀಟಿಯ ಚೀಲಗಳು ಮುಗಿಯುವವರೆಗೆ ಎರಡೂ ಬಗೆಯವು ಕೈಸೇರಬಹುದು. ವಿವರಣೆಯಲ್ಲಿ ಏನಾದರೂ ಸರಿಯಿಲ್ಲ ಎನಿಸಿದರೆ ಬಿಲ್ಲಿನ ಮೇಲಿರುವ ನಂಬರಿಗೆ ತಿಳಿಸಿ. ದಾಖಲೆಯಲ್ಲಿ ಒಮ್ಮೆ ತಿದ್ದಿದರೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಮುಂದಿನ ಅಚ್ಚಿಗೆ ಸರಿಹೋಗುತ್ತದೆ.

ಇತಿ ತಮ್ಮ ವಿಶ್ವಾಸಿಗಳು,
ಮಾರಾಟ ವಿಭಾಗ, ಬೆಳೆಗಾರರ ಸಹಕಾರ ಸಂಘ