ಗುಂಟೆಗೂ ಒಂದು ಕಾಲಂ ಬೇಕು

ಮಾನ್ಯರೇ,

ತಿಪಟೂರು ಕಡೆಯ ಸಹಕಾರ ಸಂಘವೊಂದರಲ್ಲಿ ಬೆಳೆಸಾಲದ ಲೆಕ್ಕವನ್ನು ಕಂಪ್ಯೂಟರಿನಲ್ಲಿ ನೋಡಿಕೊಳ್ಳುವವಳು ನಾನು. ಹನ್ನೊಂದು ವರ್ಷದಿಂದ ಇದೇ ಕೆಲಸ. ಡೇಟಾಬೇಸಿನ, ಅಂದರೆ ಕಂಪ್ಯೂಟರಿನೊಳಗಿನ ದಾಖಲೆ ಪಟ್ಟಿಗಳ, ಕಾಲಂಗಳಿಗೆ ಬಾಯಿಗೆ ಬಂದ ಹೆಸರಿಟ್ಟರೆ ರೈತರಿಗೆ ಎಷ್ಟು ನಷ್ಟ ಎಂಬುದನ್ನು ಕಣ್ಣಾರೆ ಕಂಡು ಬರೆಯುತ್ತಿದ್ದೇನೆ.

ಹೋದ ಮುಂಗಾರಿನಲ್ಲಿ ಹಿರಿಯರೊಬ್ಬರು ಎರಡು ಪಹಣಿ ತಂದು ಮೇಜಿನ ಮೇಲಿಟ್ಟರು. ಒಂದರಲ್ಲಿ 2 ಎಕರೆ 20 ಗುಂಟೆ, ಇನ್ನೊಂದರಲ್ಲಿ 1 ಎಕರೆ 30 ಗುಂಟೆ. "ನಂದು ನಾಲ್ಕೆಕ್ರೆ ಹತ್ತು ಗುಂಟೆ ಕಣಮ್ಮ, ನಿಮ್ ಕಾಗ್ದದಲ್ಲಿ ಮೂರೂವರೆ ಅಂತ ಯಾಕೈತೆ?" ಅಂದರು. 40 ಗುಂಟೆಗೆ ಒಂದು ಎಕರೆ. ಅವರ ಲೆಕ್ಕವೇ ಸರಿ. ನಮ್ಮಲ್ಲಿ 2.20, 1.30 ಎಂದು ಟೈಪ್ ಮಾಡಿದ್ದರು. ಕಂಪ್ಯೂಟರ್ ಅದನ್ನು ದಶಮಾಂಶವೆಂದು ಕೂಡಿ 3.50 ಎಂದಿತ್ತು. ಮುಕ್ಕಾಲು ಎಕರೆಯ ಸಾಲ ಅವರ ಕೈತಪ್ಪಿತ್ತು.

ಕಾಲಂ ತೆರೆದು ನೋಡಿದರೆ ಹೆಸರು ಬರೀ 'ಏರಿಯಾ'. ಎಕರೆಯೋ, ಗುಂಟೆಯೋ, ಹೆಕ್ಟೇರೋ ಹೇಳುವವರಿಲ್ಲ. ಅದನ್ನು ಒಡೆದು 'ಏರಿಯಾ_ಎಕರೆ', 'ಏರಿಯಾ_ಗುಂಟೆ' ಎಂದು ಎರಡು ಮಾಡಿ, ಗುಂಟೆಯ ಕಾಲಂನಲ್ಲಿ 39 ದಾಟದಂತೆ ತಡೆ ಹಾಕಿದೆ. ಅದು ಅರ್ಧ ದಿನದ ಕೆಲಸ. ಹಳೆಯ ದಾಖಲೆಗಳದ್ದೇ ಸಂಕಟ. ಕೊನೆಯ ಸೊನ್ನೆ ಬಿದ್ದುಹೋಗಿ 2.20 ಎಂಬುದು 2.2 ಆಗಿ ಕೂತಿತ್ತು. ಇನ್ನು ಕೆಲವರು 2 ಎಕರೆ 2 ಗುಂಟೆಯನ್ನೂ 2.2 ಎಂದೇ ಬರೆದಿದ್ದರು. ಪಹಣಿಯ ಕಟ್ಟು ಬಿಚ್ಚಿ ಒಂದೊಂದನ್ನೇ ತಾಳೆ ನೋಡಬೇಕಾಯಿತು. ಆಗ ರಾತ್ರಿ ನಿದ್ದೆಯಲ್ಲೂ ಸರ್ವೆ ನಂಬರುಗಳೇ.

'ಖಾತೆ'ಯ ಪಾಡೂ ಇದೇ. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಒಬ್ಬರು 'ಕೆ' ಆದ ಮೇಲೆ 'ಎಚ್' ಹಾಕಿದ್ದಾರೆ, ಇನ್ನೊಬ್ಬರು 'ಟಿ' ಆದ ಮೇಲೆ, ಮೂರನೆಯವರು ಎರಡೂ ಕಡೆ. ಒಂದೇ ಸಂಘದ ಡೇಟಾಬೇಸಿನ ಮೂರು ಪಟ್ಟಿಗಳಲ್ಲಿ ಮೂರು ಕಾಗುಣಿತ. ಹಿಸ್ಸಾ, ಗುಂಟೆ, ಖಾತೆ ಎಂಬ ನಮ್ಮ ಮಾತುಗಳನ್ನೇ ಬಳಸಲಿ, ನನಗೆ ಸಂತೋಷವೇ. ಆದರೆ ಎಲ್ಲರೂ ಒಂದೇ ಕಾಗುಣಿತಕ್ಕೆ ಕಟ್ಟುಬೀಳಲಿ.

ಸಂಘಗಳ ಕಾರ್ಯದರ್ಶಿಗಳಲ್ಲಿ ಒಂದು ಕೋರಿಕೆ. ಸಾಫ್ಟ್‌ವೇರಿನ ಬಿಲ್ ಪಾಸು ಮಾಡುವ ಮುಂಚೆ ಕಾಲಂಗಳ ಪಟ್ಟಿಯನ್ನು ಕಾಗದದಲ್ಲಿ ಪಡೆದು ನಿಮ್ಮ ಗುಮಾಸ್ತರ ಕೈಗೆ ಕೊಡಿ. 'ಡೇಟ್2' ಅಂದರೆ ಸಾಲ ಕೊಟ್ಟ ದಿನವೋ, ವಾಯಿದೆಯ ದಿನವೋ ಎಂದು ಅವರು ಕೇಳಿದರೆ, ಅದನ್ನು ತಿದ್ದಿಸಿದ ಮೇಲೆಯೇ ಸಹಿ ಹಾಕಿ.

– ಸಹಕಾರ ಸಂಘದ ಕಂಪ್ಯೂಟರ್ ವಿಭಾಗದ ನೌಕರಳು, ತಿಪಟೂರು